ಸುಟ್ಟುಹೋದ ಪಟ್ಟೆಗಳು

"ಗುರುಗಳೇ, ನನ್ನಲ್ಲಿರುವ ದೋಷ ನನಗೆ ಗೊತ್ತು. ಅದನ್ನು ತಿದ್ದಿಕೊಳ್ಳುವ ಮನಸ್ಸೂ ಇದೆ. ಅದಕ್ಕಾಗಿ ಇನ್ನೊಬ್ಬರ ಮುಂದೆ ಹೇಳಿಕೊಳ್ಳಲೇಬೇಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಇಬ್ಬರೂ ಒಂದೇ ತರದ ಬಟ್ಟೆ ಒಗೆಯುವ ಯಂತ್ರ ಕೊಂಡಿದ್ದರು. ಅದರ ನೀರು ಯಾರ ಕಡೆಯ ಚರಂಡಿಗೆ ಹರಿಯಬೇಕೆಂದು ಜಗಳವಾಗಿ ಮಾತು ಬಿಟ್ಟಿದ್ದರು.

ಒಂದು ಸಂಜೆ ಕರೆಂಟು ಹೋಗಿ ಬಂತು. ವ್ಯಾಪಾರಿಯ ಯಂತ್ರದಿಂದ ಹೊಗೆ ಎದ್ದಿತು. ರಿಪೇರಿಯವನು ಒಳಗಿನ ಬೋರ್ಡು ಬಿಚ್ಚಿ ತೋರಿಸಿದ. ಭತ್ತದ ಕಾಳಿನಷ್ಟು ಗಾತ್ರದ ಒಂದು ಭಾಗ ಸುಟ್ಟಿತ್ತು.

"ಇದರ ಮೈಮೇಲಿನ ಬಣ್ಣದ ಪಟ್ಟೆ ನೋಡಿಯೇ ಅಳತೆ ತಿಳಿಯಬೇಕು. ಅರ್ಧ ಪಟ್ಟೆಗಳು ಕರಕಲಾಗಿವೆ. ಅಂದಾಜಿನ ಮೇಲೆ ಬೇರೆ ಹಾಕಿದರೆ ಬೋರ್ಡೇ ಹೋಗುತ್ತದೆ. ಇಂಥದೇ ಯಂತ್ರ ಬೇರೆಲ್ಲಾದರೂ ಇದ್ದರೆ ಬಿಚ್ಚಿ ನೋಡೋಣ" ಎಂದ.

ಬಣ್ಣಬಣ್ಣದ ಬಳೆಗಳ ನಡುವೆಯೇ ಬಾಳಿದ ವ್ಯಾಪಾರಿ ಕನ್ನಡಕ ಏರಿಸಿ ನೋಡಿದ. ಎರಡು ಪಟ್ಟೆ ಕಂಡವು. ಉಳಿದದ್ದು ಬರೀ ಮಸಿ. ಹೆಂಡತಿ ಪಕ್ಕದ ಮನೆಯ ಕಡೆ ನೋಡಿದಳು.

"ಸತ್ತರೂ ಆ ಹೊಸಿಲು ತುಳಿಯಲಾರೆ" ಎಂದ ವ್ಯಾಪಾರಿ.

"ಹಾಗಾದರೆ ನೀವೇ ಒಗೆಯಿರಿ" ಎಂದು ಅವಳು ಬಕೆಟ್ಟು ಮುಂದಿಟ್ಟಳು.

ಒಗೆದ. ಮೊದಲು ಅಂಗಿ, ಪಂಚೆ. ಆಮೇಲೆ ಹಾಸಿಗೆಯ ಹೊದಿಕೆಗಳು. ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸರು ತಮ್ಮ ಕೈ ನೋವು ಮರೆತು, ಬೊಬ್ಬೆ ಎದ್ದ ಅವನ ಕೈ ಕಂಡು ಅಯ್ಯೋ ಎನ್ನುತ್ತಿದ್ದರು. ಅತ್ತ ಗಿರಣಿಯವನ ಹಿತ್ತಲ ತಂತಿಯ ಮೇಲೆ ದಿನವೂ ಒಗೆದ ಬಟ್ಟೆ ಹಾರಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ವ್ಯಾಪಾರಿಯ ಹೊಟ್ಟೆ ಉರಿಯುತ್ತಿತ್ತು.

ಕಡೆಗೊಂದು ದಿನ ಜಮಖಾನೆ ಹಿಂಡುವಾಗ ಸೊಂಟ ಹಿಡಿದುಕೊಂಡಿತು. ನೆಟ್ಟಗಾಗಲು ಬರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.

ಗಿರಣಿಯವನು ಬಾಗಿಲು ತೆರೆದ. ಪಂಚೆ ಎತ್ತಿ ಕಟ್ಟಿದ್ದ. ಮೊಣಕೈವರೆಗೆ ಸಾಬೂನಿನ ನೊರೆ.

"ನಿಮ್ಮದೂ ಹೋಯಿತೇ?" ಎಂದ ವ್ಯಾಪಾರಿ.

"ಅದೇ ಸಂಜೆ. ಬಂದು ಕೇಳೋಣವೆಂದರೆ ನಿಮ್ಮ ತಂತಿಯ ಮೇಲೆ ದಿನವೂ ಬಟ್ಟೆ ಒಣಗುತ್ತಿತ್ತಲ್ಲ! ನಾನು ಯಾವ ಮುಖ ಇಟ್ಟುಕೊಂಡು ಬರಲಿ?" ಎಂದ ಗಿರಣಿಯವನು.

ರಿಪೇರಿಯವನನ್ನು ಮತ್ತೆ ಕರೆಸಿದರು. ಅವನು ಎರಡೂ ಬೋರ್ಡುಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಅಕ್ಕಪಕ್ಕ ಇಟ್ಟ. ಸುಟ್ಟದ್ದು ಅದೇ ಭಾಗ. ಆದರೆ ವ್ಯಾಪಾರಿಯದರಲ್ಲಿ ಎಡತುದಿ ಕರಕಲಾಗಿತ್ತು, ಗಿರಣಿಯವನದರಲ್ಲಿ ಬಲತುದಿ. ಇದರ ಪಟ್ಟೆ, ಅದರ ಪಟ್ಟೆ ಕೂಡಿಸಿ ಓದಿ ಅಳತೆ ಹೇಳಿದ. ಪೇಟೆಯಿಂದ ಹೊಸ ಭಾಗಗಳನ್ನು ತಂದು ಎರಡಕ್ಕೂ ಬೆಸುಗೆ ಹಾಕಿದ. ಯಂತ್ರಗಳು ತಿರುಗಿದವು. ಗೋಡೆಯ ಆ ಬದಿ ಒಬ್ಬ, ಈ ಬದಿ ಒಬ್ಬ ನಿಂತು, ಯಾರದು ಮೊದಲು ಸುಟ್ಟಿತೆಂದು ಊಟದ ಹೊತ್ತಿನವರೆಗೂ ವಾದಿಸಿದರು.

ಕತೆ ಮುಗಿಯಿತು. ಶಿಷ್ಯ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಅವನ ನಗು ಇಳಿಯುವವರೆಗೂ ಗುರುಗಳು ಕಾದರು.

"ನಿನ್ನ ಪಕ್ಕದ ಕೋಣೆಯ ಮರುಳಸಿದ್ಧ ಬೆಳಿಗ್ಗೆ ಬಂದು ಇದೇ ಪ್ರಶ್ನೆ ಕೇಳಿ ಹೋದ" ಎಂದರು.

ಶಿಷ್ಯ ಎದ್ದು ಮರುಳಸಿದ್ಧನ ಕೋಣೆಯ ಕಡೆ ನಡೆದ.