ಬೆಟ್ಟದ ಮೇಲಿನ ಅಡುಗೆಮನೆ

“ಗುರುಗಳೇ, ನನ್ನ ಸೈನಿಕರು ಮೈಗಳ್ಳರಾಗಿದ್ದಾರೆ. ಕಸರತ್ತು ಮಾಡಿ ಎಂದೆ, ಹಿತಮಿತವಾಗಿ ಉಣ್ಣಿ ಎಂದೆ, ದಂಡಿಸಿಯೂ ನೋಡಿದೆ. ನಾಯಿಯ ಬಾಲ ಡೊಂಕೇ. ಏನು ಮಾಡಲಿ?”

ಕೇಳಿದ ಶಿಷ್ಯ ಒಂದು ಕೋಟೆಯ ದಳಪತಿ. ಗುಡ್ಡದ ಮೇಲಿನ ಆಶ್ರಮಕ್ಕೆ ಅವನನ್ನು ಹೊತ್ತು ತಂದಿದ್ದ ಪಲ್ಲಕ್ಕಿಯ ಆಳುಗಳು ಬಾಗಿಲಾಚೆ ಬೆವರು ಒರೆಸಿಕೊಳ್ಳುತ್ತಿದ್ದರು. ಗುರುಗಳು ಅವರನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಗಡಿಯಲ್ಲಿ ಒಂದು ಬೆಟ್ಟ. ಅದರ ನೆತ್ತಿ ಹಿಡಿದವನಿಗೆ ಕೆಳಗಿನ ಊರು ಸಿಕ್ಕಂತೆ. ಸುಗ್ಗಿಯ ಹೊತ್ತಿಗೆ ಶತ್ರು ಬರುತ್ತಾನೆಂದು ಸುದ್ದಿ ಬಂತು. ಬುಡದಲ್ಲಿ ಬೀಡುಬಿಟ್ಟಿದ್ದ ಸೈನಿಕರಿಗೋ ಕೂತು ತುಪ್ಪದೂಟ ಉಂಡು ಹೊಟ್ಟೆ ಬಂದಿತ್ತು. ಅರ್ಧ ಬೆಟ್ಟಕ್ಕೇ ಏದುಸಿರು.

ಸೇನಾಪತಿ ಅಡುಗೆಮನೆಯನ್ನೇ ನೆತ್ತಿಗೆ ಸಾಗಿಸಿದ. “ಹತ್ತಿದವನಿಗೆ ಊಟ” ಎಂದು ಸಾರಿಸಿದ. ಊಟವೆಂದರೆ ರಾಗಿಮುದ್ದೆ, ಸೊಪ್ಪು, ಹುರುಳಿ ಸಾರು. ಹುರುಳಿ ಕುದುರೆಗೆ ಹಾಕುವುದು ಎಂದು ಸೈನಿಕರು ಗೊಣಗಿದರು. ಆ ಪಡೆಯಲ್ಲಿ ಏದುಸಿರಿಲ್ಲದೆ ಬೆಟ್ಟ ಹತ್ತುತ್ತಿದ್ದುದು ಸಾಮಾನು ಹೊತ್ತ ಕುದುರೆಗಳು ಮಾತ್ರ ಎಂಬುದು ಅವರಿಗೆ ಹೊಳೆಯಲಿಲ್ಲ.

ಸೇನಾಪತಿಯ ಊಟ ಮಾತ್ರ ಬುಟ್ಟಿಯಲ್ಲಿ ಇಳಿದು ಡೇರೆಗೆ ಬರುತ್ತಿತ್ತು. ಸ್ವಲ್ಪ ದಿನಕ್ಕೆ ನಾಯಕರ ಬುಟ್ಟಿಗಳೂ ಇಳಿದವು. ಬಳಿಕ ಸೈನಿಕರು ಸರದಿ ಹಾಕಿಕೊಂಡರು. ಗುಂಪಿಗೊಬ್ಬ ಹತ್ತಿ ತರುವುದು, ಉಳಿದವರು ಬಿದ್ದುಕೊಂಡಿದ್ದು ಉಣ್ಣುವುದು.

ಸೇನಾಪತಿ ಕೆರಳಿದ. “ನನ್ನ ಆಜ್ಞೆ ಮುರಿದವರು ಯಾರು?”

ಹಳೆಯ ಸೈನಿಕನೊಬ್ಬ ಕೈಮುಗಿದ. “ಒಡೆಯಾ, ತಮ್ಮ ಬುಟ್ಟಿ ಇಳಿದ ದಾರಿಯಲ್ಲೇ ನಮ್ಮದೂ ಇಳಿಯಿತು.”

ಸೇನಾಪತಿಗೆ ನಾಚಿಕೆಯಾಯಿತು. ಮರುದಿನ ತಾನೇ ಹೊರಟ. ಕೂತು, ಎದ್ದು, ಬಂಡೆ ಹಿಡಿದು ಹತ್ತಿದ. ನೆತ್ತಿ ಮುಟ್ಟುವಷ್ಟರಲ್ಲಿ ಹಂಡೆ ಬರಿದಾಗಿತ್ತು. ಸರದಿಯವರು ಗಾಬರಿಯಿಂದ ತಮ್ಮ ಬುಟ್ಟಿಯ ಮುದ್ದೆ ತೆಗೆದುಕೊಟ್ಟರು. ಅವನು ಮುಟ್ಟಲಿಲ್ಲ. ತಡವಾಗಿ ಬಂದದ್ದು ತಾನು ಎಂದ. ತಳ ಕೆರೆದು ಸಿಕ್ಕಷ್ಟು ಉಂಡು ಇಳಿದ. ಮರುದಿನವೂ ಹತ್ತಿದ. ಅದರ ಮರುದಿನವೂ ಬಿಡಲಿಲ್ಲ.

ಬುಟ್ಟಿ ಇಳಿಸಬಾರದೆಂದು ಯಾರೂ ಸಾರಲಿಲ್ಲ. ಆದರೂ ಒಡೆಯ ಹತ್ತುತ್ತಿರುವಾಗ ಬಿದ್ದುಕೊಂಡಿರಲು ಯಾರಿಗೂ ಮನಸ್ಸಾಗಲಿಲ್ಲ. ಸುಗ್ಗಿಗೆ ಶತ್ರು ಬಂದಾಗ ಇಡೀ ಪಡೆ ಆಗಲೇ ನೆತ್ತಿಯಲ್ಲಿತ್ತು. ಊರು ಉಳಿಯಿತು.

ಕತೆ ಮುಗಿಯಿತು. ದಳಪತಿ ಹುರುಪಿನಿಂದ ಎದ್ದ. “ತಿಳಿಯಿತು ಗುರುಗಳೇ. ನಾಳೆಯೇ ನಮ್ಮ ಅಡುಗೆಮನೆಯನ್ನೂ ಬೆಟ್ಟಕ್ಕೆ ಹತ್ತಿಸುತ್ತೇನೆ.”

ಗುರುಗಳು ಬಾಗಿಲಾಚೆ ಕೈ ತೋರಿದರು.

“ಅದಕ್ಕೆ ಮೊದಲು ಆ ಪಲ್ಲಕ್ಕಿಯನ್ನು ಖಾಲಿಯಾಗಿ ಕೆಳಗೆ ಕಳಿಸು.”