ಪೊಟರೆಯೊಳಗಿನ ಸೂರ್ಯ

ಹೂವು ಸಿಗದೆ ಗೂಡಿನ ಮರಿಗಳು ಹಸಿದಿದ್ದವು. ಬೇಲಿಯ ಕಡ್ಡಿಗೆ ಬಯಲಲ್ಲೇ ಗೂಡು ಕಟ್ಟುವ ಕೋಲುಜೇನೊಂದು ಸಂಕೋಚ ಬಿಟ್ಟು, ಮರದ ಪೊಟರೆಯ ತುಡುವೆಜೇನಿನ ಮನೆಗೆ ಹೋಯಿತು.

“ಅಕ್ಕಾ, ಹೂವು ಎಲ್ಲಿದೆ?”

ತುಡುವೆಜೇನು ಕತ್ತಲಲ್ಲಿ ಗೋಡೆಯಂತೆ ನಿಂತ ತನ್ನ ಗೂಡಿನ ಮೇಲೆ, ಕೆಳಗಿನಿಂದ ನೆಟ್ಟಗೆ ಮೇಲಕ್ಕೆ ಕುಣಿದು ದಾರಿ ತೋರಿಸಿತು.

ಕೋಲುಜೇನು ನೆಟ್ಟಗೆ ಮೇಲಕ್ಕೇ ಹಾರಿತು. ರೆಕ್ಕೆ ಸೋತು, ಸಿಟ್ಟಿನಿಂದ ಕುದಿಯುತ್ತ ಹಿಂದಿರುಗಿತು.

“ಹಸಿದವರ ಜೊತೆ ಹುಡುಗಾಟವೆ? ಮೇಲಿರುವುದು ಹದ್ದು ಮಾತ್ರ!”

“ಅಯ್ಯೋ ತಂಗೀ, ನೀವು ಬಯಲಿನವರು, ಹೂವಿದ್ದ ಕಡೆಗೇ ತಿರುಗಿ ಕುಣಿಯುತ್ತೀರಿ. ನಮಗೆ ಈ ಕತ್ತಲ ಗೋಡೆಯೊಂದೇ ಗತಿ. ಇಲ್ಲಿ ಮೇಲೆ ಎಂದರೆ ಸೂರ್ಯನಿರುವ ಕಡೆ.”

ಕೋಲುಜೇನು ಪಡುವಣಕ್ಕೆ ವಾಲಿದ ಸೂರ್ಯನತ್ತ ಹಾರಿತು. ಕೆರೆಯಾಚೆ ಹೊಂಗೆಮರವೊಂದು ಮೈತುಂಬ ಹೂಬಿಟ್ಟು ನಿಂತಿತ್ತು. ಕೋಲುಜೇನಿಗೆ ಹೋದ ಜೀವ ಬಂದಂತಾಯಿತು.

ಬೇಲಿಗೆ ಮರಳಿ, ಮರವಿದ್ದ ಕಡೆಗೇ ತಿರುಗಿ ತನ್ನವರಿಗಾಗಿ ಕುಣಿಯಿತು.

“ಇಷ್ಟು ತಡವೇಕೆ? ಆ ಪೊಟರೆಯವಳು ದಾರಿ ತಪ್ಪಿಸಿದಳೆ?” ಎಂದು ಉಳಿದವು ಕೇಳಿದವು.

“ಇಲ್ಲ, ಅಕ್ಕ ಸರಿಯಾಗಿಯೇ ಹೇಳಿದಳು. ನಾನೇ ಅವಳ ಮನೆಯಲ್ಲಿ ಕೂತು ನಮ್ಮ ಮನೆಯ ಮಾತು ಕೇಳಿಸಿಕೊಂಡೆ.”