ಹೆಗ್ಗಣ ಕೊಟ್ಟ ದೂರು

ಒಳಚರಂಡಿಯ ಪಕ್ಕದ ಬಾವಿ ನಾರತೊಡಗಿತ್ತು. ಆ ನೀರು ಕುಡಿದು ತನ್ನ ಮರಿಗಳಿಗೆ ವಾಂತಿಭೇದಿಯಾಗಿದೆಯೆಂದು ಹೆಗ್ಗಣ ದೂರು ಕೊಟ್ಟಿತು. ಚರಂಡಿಯ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಪತ್ತೆ ಹಚ್ಚಲು ಹೊಗೆ ಬಂತು. ಕೊಳವೆಯೊಳಗೆ ಹೊಕ್ಕು, ತೂತು ಸಿಕ್ಕಲ್ಲಿ ಹೊರಗೇಳುವುದು ಅದರ ಕಸುಬು. ಬರುವ ಹಿಂದಿನ ದಿನವೇ ಬೀದಿಗೆಲ್ಲ ತಿಳಿಸುವುದು ಅದರ ಪದ್ಧತಿ.

ಮೊದಲ ಸಲ ಒಂದು ತೂತೂ ಸಿಗಲಿಲ್ಲ. ಎರಡನೆಯ ಸಲವೂ ಇಲ್ಲ. "ತಮಗೆ ಕೆಲಸ ಬರುತ್ತದೋ ಇಲ್ಲವೋ?" ಎಂದು ಹೆಗ್ಗಣ ಹಂಗಿಸಿತು. ಹೊಗೆಗೆ ರೇಗಿಹೋಯಿತು. ಮೂರನೆಯ ಸಲ ಯಾರಿಗೂ ಹೇಳದೆ ನುಗ್ಗಿತು. ನುಗ್ಗಿದ್ದೇ ಹೆಗ್ಗಣದ ನಡುಮನೆಯಲ್ಲಿ ಎದ್ದಿತು.

"ಏನಯ್ಯಾ ಇದು? ಈ ತೂತು ಇಷ್ಟು ದಿನ ಎಲ್ಲಿತ್ತು?"

"ಇಲ್ಲೇ ಇತ್ತು ಸ್ವಾಮಿ. ಓಡಾಡಲು ನಾನೇ ಕೊರೆದದ್ದು. ತಾವು ಬರುವ ದಿನ ಮಾತ್ರ ಜೇಡಿಮಣ್ಣು ಮೆತ್ತುತ್ತಿದ್ದೆ. ಹೊಗೆಗೆ ಮರಿಗಳು ಕೆಮ್ಮುತ್ತವೆ ನೋಡಿ."

"ಅಲ್ಲಯ್ಯಾ, ಹೊಲಸೆಲ್ಲ ಇಲ್ಲಿಂದಲೇ ಬಾವಿಗೆ ಇಳಿಯುತ್ತಿದೆ! ಮರಿಗಳು ಕೆಮ್ಮಬಾರದೆಂದು ಮುಚ್ಚುತ್ತೀಯೆ, ವಾಂತಿ ಮಾಡಬಾರದೆಂದು ಮುಚ್ಚಿಡಲು ನಿನಗೇನು ಧಾಡಿ?"

"ಮುಚ್ಚಿಬಿಟ್ಟರೆ ನಾನು ಓಡಾಡುವುದು ಹೇಗೆ?" ಎಂದಿತು ಹೆಗ್ಗಣ. "ಅದಿರಲಿ ಸ್ವಾಮಿ, ಬಾವಿ ಇನ್ನೂ ನಾರುತ್ತಿದೆಯಲ್ಲ, ಮತ್ತೆ ಯಾವಾಗ ಬರುತ್ತೀರಿ? ಈ ಸಲದ ಹಾಗೆ ಮಾಡಬೇಡಿ. ಹಿಂದಿನ ದಿನ ಒಂದು ಮಾತು ತಿಳಿಸಿ, ಮಣ್ಣು ಕಲಸಿಡಬೇಕು."